ಗಡಿನಾಡಿನಿಂದ ಶಿಕ್ಷಣಶಾಸ್ತ್ರದ ಸಂಶೋಧನೆಗೆ: ಎಂ.ಎಡ್. ಮತ್ತು ಪಿಎಚ್.ಡಿ. ಮಾಡಬಯಸುವ ಕಾಸರಗೋಡಿನ ವಿದ್ಯಾರ್ಥಿಗಳಿಗೆ

ಬಿ.ಎಡ್. ಮುಗಿಸಿದ ಬಳಿಕ ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯ ಕನ್ನಡ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬರೆಯುತ್ತಾರೆ, ಪಿಎಸ್‌ಸಿ ಅಧಿಸೂಚನೆಗೆ ಕಾಯುತ್ತಾರೆ, ಆ ನಡುವೆ ಸಮೀಪದ ಶಾಲೆಯೊಂದರಲ್ಲಿ ದಿನವೇತನದ ಮೇಲೆ ಪಾಠ ಮಾಡುತ್ತಾರೆ. ಇವರಲ್ಲಿ ಕೆಲವರಿಗಾದರೂ ಎಂ.ಎಡ್. ಮಾಡಿ ಮುಂದೆ ಪಿಎಚ್.ಡಿ.ಗೆ ಹೋಗುವ ಯೋಚನೆ ಇರುತ್ತದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳಂನಲ್ಲಿ ಕಚೇರಿ ವ್ಯವಹಾರ ನಡೆಯುವ ಜಿಲ್ಲೆಯಲ್ಲಿ ನೆಲೆಸಿ, ಇಂಗ್ಲಿಷಿನ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬೇಕಾದವರಿಗೆ ಎಲ್ಲಿಂದ ಆರಂಭಿಸಬೇಕೆಂಬುದೇ ಗೊಂದಲವಾಗುತ್ತದೆ. ಈ ಬರಹ ಅಂಥವರಿಗಾಗಿ. ಪ್ರವೇಶದ ವಿವರಗಳಿಗಿಂತ ಸಂಶೋಧನೆಯ ಪ್ರಶ್ನೆಗೂ ಶಾಲೆಯೊಳಗಿನ ಕ್ಷೇತ್ರಕಾರ್ಯಕ್ಕೂ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಅರ್ಜಿ ತುಂಬುವುದನ್ನು ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿಯೂ ತೋರಿಸಿಕೊಡುತ್ತಾರೆ. ಪ್ರಶ್ನೆ ಕಟ್ಟುವುದನ್ನು ತೋರಿಸಿಕೊಡುವವರು ಕಡಿಮೆ.

ಯಾವ ಪದವಿ, ಎಲ್ಲಿ

ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಎರಡು ದಾರಿಗಳಿವೆ. ಎಂ.ಎಡ್. ಎಂಬುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, ಮಾನ್ಯತೆಗೆ ಒಳಪಟ್ಟ ವೃತ್ತಿಪರ ಪದವಿ. 2014ರ ನಿಯಮಾವಳಿಯಂತೆ ಅದು ಎರಡು ವರ್ಷಗಳದ್ದು; ಬಿ.ಎಡ್.ನಲ್ಲಿ ಕನಿಷ್ಠ ಶೇ. 50 ಅಂಕ ಬೇಕು, ತರಗತಿಗಳಿಗೆ ಶೇ. 80, ಕ್ಷೇತ್ರಾನುಭವಕ್ಕೆ ಶೇ. 90 ಹಾಜರಾತಿ ಇರಬೇಕು. ಕಿರು ಪ್ರಬಂಧವೊಂದನ್ನು ಬರೆಯಲೇಬೇಕು. ಒಂದು ವರ್ಷದ ಎಂ.ಎಡ್. ಕುರಿತ ಪ್ರಸ್ತಾಪ 2025ರಲ್ಲಿ ಪ್ರಕಟವಾದ ಕರಡು ನಿಯಮಾವಳಿಯಲ್ಲಿ ಇದೆ. ಆದ್ದರಿಂದ ಅರ್ಜಿ ಹಾಕುವ ವರ್ಷದ ಪ್ರವೇಶ ಕೈಪಿಡಿಯಲ್ಲಿ ಅವಧಿಯನ್ನು ನೋಡಿಕೊಳ್ಳಬೇಕು. ಇನ್ನೊಂದು ದಾರಿಯಾದ ಎಂ.ಎ. ಎಜುಕೇಶನ್‌ಗೆ ಬಿ.ಎಡ್. ಕಡ್ಡಾಯವಲ್ಲ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕಡೆ ಯಾವುದೇ ಪದವೀಧರರು ಸೇರಬಹುದು. ಎರಡರಲ್ಲಿ ಯಾವುದಿದ್ದರೂ ಶೇ. 55 ಅಂಕವಿದ್ದರೆ ಶಿಕ್ಷಣಶಾಸ್ತ್ರದ ಯುಜಿಸಿ-ನೆಟ್, ಅಂದರೆ ಅಧ್ಯಾಪನ ಹಾಗೂ ಸಂಶೋಧನೆಗಾಗಿರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಬರೆಯಬಹುದು.

ಇಲ್ಲೊಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಬಿ.ಎ., ಬಿ.ಎಡ್., ಎಂ.ಎಡ್. ಮಾತ್ರ ಇದ್ದರೆ ಬಿ.ಎಡ್. ಕಾಲೇಜಿನ ಅಧ್ಯಾಪಕ ಹುದ್ದೆಗೆ ಅರ್ಹತೆ ಪೂರ್ಣವಾಗುವುದಿಲ್ಲ. ಬೋಧನಾ ವಿಷಯಗಳಿಗೆ ಎನ್‌ಸಿಟಿಇ ಆಯಾ ವಿಷಯದ ಸ್ನಾತಕೋತ್ತರ ಪದವಿಯನ್ನೂ ಕೇಳುತ್ತದೆ. ಹಾಗಾಗಿ ಎಂ.ಎ. ಕನ್ನಡ ಅಥವಾ ಎಂ.ಎಸ್ಸಿ. ಗಣಿತ ಮುಗಿಸಿದವರಿಗೆ ಎಂ.ಎಡ್. ಹೆಚ್ಚು ಪ್ರಯೋಜನಕಾರಿ, ಬಿ.ಎ., ಬಿ.ಎಡ್. ಮಾತ್ರ ಇರುವವರು ಮೊದಲು ವಿಷಯದ ಎಂ.ಎ. ಮುಗಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮನೆಯಿಂದಲೇ ಹೋಗಿಬರುವವರಿಗೆ ಮೊದಲ ಆಯ್ಕೆ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಪೆರಿಯ ಆವರಣದಲ್ಲಿ ಶಿಕ್ಷಣಶಾಸ್ತ್ರ ವಿಭಾಗವಿದೆ, ಕನ್ನಡ ವಿಭಾಗವೂ ಇದೆ. ಎಂ.ಎಡ್. ಪ್ರವೇಶ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಸಿಯುಇಟಿ-ಪಿಜಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ. ಈ ಪರೀಕ್ಷೆಯ ಅರ್ಜಿ ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ ಅಥವಾ ಜನವರಿಯಲ್ಲಿಯೇ ತೆರೆದುಕೊಂಡಿದ್ದು, ಪರೀಕ್ಷೆ ಮಾರ್ಚಿನಲ್ಲಿ ನಡೆದಿದೆ. ಬಿ.ಎಡ್. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತವರಿಗೆ ಒಂದು ವರ್ಷ ಕೈತಪ್ಪುವುದು ಇಲ್ಲಿಯೇ. ಅಂತಿಮ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಲು ಅವಕಾಶವಿದೆ. ಒಟ್ಟು 75 ಪ್ರಶ್ನೆಗಳಿದ್ದು, ಸರಿಯುತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪುತ್ತರಕ್ಕೆ 1 ಅಂಕ ಕಳೆಯಲಾಗುತ್ತದೆ. ಎರಡನೆಯದು ಕಣ್ಣೂರು ವಿಶ್ವವಿದ್ಯಾಲಯ. 1996ರಲ್ಲಿ ಸ್ಥಾಪಿತವಾದ ಇದರ ವ್ಯಾಪ್ತಿಗೆ ಕಾಸರಗೋಡು ಜಿಲ್ಲೆ ಸೇರಿದೆ; ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ವಿಭಾಗ ಇರುವುದು ಕಣ್ಣೂರು ಸಮೀಪದ ಧರ್ಮಶಾಲಾದಲ್ಲಿ.

ಗಡಿ ದಾಟುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಇದು ಎನ್‌ಸಿಇಆರ್‌ಟಿಯ ಘಟಕ, 1963ರಿಂದ ದಕ್ಷಿಣದ ರಾಜ್ಯಗಳಿಗಾಗಿ ಕೆಲಸ ಮಾಡುತ್ತಿದೆ. ಪ್ರವೇಶ ಪರೀಕ್ಷೆ ಪ್ರತ್ಯೇಕ. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಶಿಕ್ಷಣಶಾಸ್ತ್ರದ ಅಧ್ಯಯನ ವಿಭಾಗಗಳಿವೆ. ಕರ್ನಾಟಕದ ಪ್ರವೇಶ ಪ್ರಕಟಣೆಗಳನ್ನು ಓದುವಾಗ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಸಂಬಂಧಿಸಿದ ಕಲಮು ಇದೆಯೇ ಎಂದು ಹುಡುಕಿ, ಇದ್ದರೆ ಬೇಕಾದ ವಾಸ್ತವ್ಯ ಮತ್ತು ಮಾತೃಭಾಷಾ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕು. ಹಾಗೆಯೇ ಕರ್ನಾಟಕದಲ್ಲಿ ಪದವಿ ಪಡೆದು ಮರಳಿ ಕೇರಳದ ಹುದ್ದೆಗೆ ಅರ್ಜಿ ಹಾಕುವವರು ಕೇರಳದ ವಿಶ್ವವಿದ್ಯಾಲಯವೊಂದರಿಂದ ತತ್ಸಮಾನ ಪ್ರಮಾಣಪತ್ರ ಪಡೆಯಬೇಕಾಗಿ ಬರುತ್ತದೆ. ಆ ಕೆಲಸಕ್ಕೆ ಪಠ್ಯಕ್ರಮದ ಪ್ರತಿ ಬೇಕಾಗುವುದರಿಂದ, ಕಾಲೇಜು ಬಿಡುವಾಗಲೇ ಮೊಹರು ಹಾಕಿದ ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು ಜಾಣತನ.

ಪ್ರಶ್ನೆ ಕಟ್ಟುವ ಬಗೆ

ಎಂ.ಎಡ್. ಕಿರು ಪ್ರಬಂಧಗಳ ಶೀರ್ಷಿಕೆಗಳನ್ನು ಒಟ್ಟಿಗೆ ನೋಡಿದರೆ ಒಂದೇ ಅಚ್ಚಿನವು ಹೇರಳವಾಗಿ ಕಾಣುತ್ತವೆ: ಬಿ.ಎಡ್. ವಿದ್ಯಾರ್ಥಿಗಳ ಮನೋಭಾವ, ಪ್ರೌಢಶಾಲಾ ಶಿಕ್ಷಕರ ವೃತ್ತಿ ತೃಪ್ತಿ, ಗಂಡು ಮತ್ತು ಹೆಣ್ಣುಮಕ್ಕಳ ಸಾಧನೆಯ ವ್ಯತ್ಯಾಸ. ಇವುಗಳಿಗೆ ಸಿದ್ಧ ಮಾಪನಿಗಳು ಸಿಗುತ್ತವೆ, ಒಂದು ವಾರದಲ್ಲಿ ಪ್ರಶ್ನಾವಳಿ ಹಂಚಿ ಮುಗಿಸಬಹುದು, ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆ ಮಾಡಿ ಕೋಷ್ಟಕ ತುಂಬಿಸಬಹುದು. ಪದವಿಗೆ ಅಡ್ಡಿಯಿಲ್ಲ, ಓದಿದವರಿಗೆ ಮಾತ್ರ ಹೊಸದೇನೂ ತಿಳಿಯುವುದಿಲ್ಲ. ಆದರೆ ಕಾಸರಗೋಡಿನ ವಿದ್ಯಾರ್ಥಿಯ ಕೈಯಳತೆಯಲ್ಲಿಯೇ ಇರುವ ತರಗತಿಗಳು ಬೇರೆ ಕಡೆ ಹುಡುಕಿದರೂ ಸಿಗುವಂಥವಲ್ಲ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳಂ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಗಣಿತ ಕಲಿಯುತ್ತಾರೆ. ಒಂದೇ ಕಟ್ಟಡದ ಒಂದು ಬದಿಯಲ್ಲಿ ಕನ್ನಡ ಮಾಧ್ಯಮ, ಇನ್ನೊಂದು ಬದಿಯಲ್ಲಿ ಮಲಯಾಳಂ ಮಾಧ್ಯಮ ನಡೆಯುತ್ತದೆ. 2017ರಲ್ಲಿ ಕೇರಳವು ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ತಂದಿದೆ. ರಾಜ್ಯದ ಪಠ್ಯಪುಸ್ತಕಗಳನ್ನು ರೂಪಿಸುವ ಎಸ್‌ಸಿಇಆರ್‌ಟಿಯ ಪರಿಷ್ಕೃತ ಪಠ್ಯಪುಸ್ತಕಗಳು 2024ರಲ್ಲಿ 1, 3, 5, 7, 9ನೇ ತರಗತಿಗಳಿಗೆ, ಮರುವರ್ಷ ಉಳಿದ ಸಮಸಂಖ್ಯೆಯ ತರಗತಿಗಳಿಗೆ ಬಂದಿವೆ. ಇಷ್ಟಿರುವಾಗ ವೃತ್ತಿ ತೃಪ್ತಿಯನ್ನು ಅಳೆಯಲು ಹೋಗುವುದೇಕೆ?

ವಸ್ತು ಹತ್ತಿರದಲ್ಲಿದೆ ಎಂದ ಮಾತ್ರಕ್ಕೆ ಪ್ರಶ್ನೆ ಸಿದ್ಧವಾಗಿದೆ ಎಂದಲ್ಲ. "ಗಡಿನಾಡಿನ ಕನ್ನಡ ಶಿಕ್ಷಣದ ಸಮಸ್ಯೆಗಳು" ಎಂಬುದು ಭಾಷಣಕ್ಕೆ ಒಪ್ಪುವ ವಿಷಯ, ಪ್ರಬಂಧಕ್ಕೆ ಅಲ್ಲ. ಯಾವ ಉಪಜಿಲ್ಲೆ, ಯಾವ ತರಗತಿ, ಯಾವ ಮಕ್ಕಳು, ಕಲಿಕೆಯ ಯಾವ ತುಣುಕು ಎಂಬ ನಾಲ್ಕು ಗೆರೆಗಳನ್ನು ಎಳೆದ ಮೇಲೆಯೇ ಅದು ಪ್ರಶ್ನೆಯಾಗುತ್ತದೆ. ಉದಾಹರಣೆಗೆ, "ಮಂಜೇಶ್ವರ ಉಪಜಿಲ್ಲೆಯ ಕನ್ನಡ ಮಾಧ್ಯಮದ ನಾಲ್ಕನೇ ತರಗತಿಯಲ್ಲಿ, ತುಳು ಮನೆಮಾತಿನ ಮಕ್ಕಳು ವಾಕ್ಯರೂಪದ ಭಾಗಾಕಾರದ ಲೆಕ್ಕಗಳಲ್ಲಿ ಎಡವುವುದು ಗಣಿತದಲ್ಲಿಯೋ ಓದಿನಲ್ಲಿಯೋ" ಎಂದು ಕೇಳಿದರೆ ಅದಕ್ಕೆ ಉತ್ತರ ಹುಡುಕುವ ದಾರಿಯೂ ಪ್ರಶ್ನೆಯೊಳಗೇ ಕಾಣತೊಡಗುತ್ತದೆ.

ಆ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮಗುವಿಗೆ ಮೊದಲು 48 ÷ 6 ಎಂಬಂತಹ ಬರಿಯ ಸಂಖ್ಯೆಯ ಲೆಕ್ಕವನ್ನು ಕೊಡಬೇಕು. ಬಳಿಕ, "54 ತೆಂಗಿನಕಾಯಿಗಳನ್ನು 6 ಗೋಣಿಗಳಲ್ಲಿ ಸಮನಾಗಿ ತುಂಬಿದರೆ ಒಂದೊಂದರಲ್ಲಿ ಎಷ್ಟು?" ಎಂಬ ಲೆಕ್ಕವನ್ನು ಮುದ್ರಿತ ಕನ್ನಡದಲ್ಲಿ ಕೊಟ್ಟು ತಾನಾಗಿ ಓದಲು ಬಿಡಬೇಕು. ಮೂರನೆಯದಾಗಿ ಅಂಥದೇ ಇನ್ನೊಂದು ಲೆಕ್ಕವನ್ನು ಸಂಶೋಧಕರು ತುಳುವಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಕು. ಮೊದಲನೆಯದನ್ನೂ ಮೂರನೆಯದನ್ನೂ ಸರಿಯಾಗಿ ಮಾಡಿದ ಮಗು ಎರಡನೆಯದರಲ್ಲಿ ಮಾತ್ರ ತಪ್ಪಿದರೆ ತೊಡಕು ಭಾಗಾಕಾರದಲ್ಲಿಲ್ಲ. ಅದು ಮುದ್ರಿತ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳುವಲ್ಲಿದೆ. ಸಂಖ್ಯೆಗಳು ಬೇರೆಯಾದರೂ ಲೆಕ್ಕದ ಕಷ್ಟದ ಮಟ್ಟ ಒಂದೇ ಇರಬೇಕು. ಎಲ್ಲ ಮಕ್ಕಳಿಗೂ ಇದೇ ಕ್ರಮದಲ್ಲಿ ಕೊಟ್ಟರೆ ಕೊನೆಯ ಲೆಕ್ಕಕ್ಕೆ ಅಭ್ಯಾಸದ ಲಾಭ ಸಿಗುವುದರಿಂದ, ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಕ್ರಮವನ್ನು ಅದಲುಬದಲು ಮಾಡಬೇಕು. ತುಳುವಿನ ಜೊತೆಗೆ ಕನ್ನಡದಲ್ಲಿ ಓದಿ ಹೇಳುವ ನಾಲ್ಕನೆಯ ರೂಪವನ್ನೂ ಸೇರಿಸಿದರೆ ತೊಡಕು ಕನ್ನಡದ್ದೋ ಅಕ್ಷರದ್ದೋ ಎಂಬುದೂ ಬಿಡಿಸಿಕೊಳ್ಳುತ್ತದೆ. ಹೆಚ್ಚಿನ ಉಪಕರಣ ಬೇಡ, ಹಣ ಬೇಡ. ತುಳು ಬಲ್ಲ ಸಂಶೋಧಕರು ಬೇಕು, ಅದು ನಿಮ್ಮಲ್ಲಿದೆ.

ಇನ್ನೊಂದು ಎಚ್ಚರಿಕೆ ಮನೆಮಾತನ್ನು ಗುರುತಿಸುವ ಬಗ್ಗೆ. ಪ್ರಶ್ನಾವಳಿಯ ಮೊದಲ ಪುಟದಲ್ಲಿ "ಮಾತೃಭಾಷೆ" ಎಂದು ಬರೆದು ಗೆರೆ ಎಳೆದು ಬಿಟ್ಟರೆ ಕನ್ನಡ ಮಾಧ್ಯಮದ ಮಗು ಬಹುಮಟ್ಟಿಗೆ "ಕನ್ನಡ" ಎಂದೇ ತುಂಬುತ್ತದೆ. ಶಾಲಾ ದಾಖಲೆಯಲ್ಲಿಯೂ ಹಾಗೆಯೇ ಇರುತ್ತದೆ. ಅಧ್ಯಯನದ ಆಧಾರವೇ ಮನೆಮಾತು ಆಗಿರುವಾಗ ಆ ಒಂದು ಗೆರೆಯನ್ನು ನಂಬುವಂತಿಲ್ಲ. ಅಜ್ಜಿಯೊಡನೆ ಯಾವ ಭಾಷೆ, ಅಪ್ಪ ಬೈಯುವಾಗ ಯಾವ ಭಾಷೆ, ಅಂಗಡಿಗೆ ಹೋದಾಗ, ಆಟದಲ್ಲಿ ಜಗಳವಾದಾಗ, ಮದ್ರಸಕ್ಕೋ ಭಜನೆಗೋ ಹೋದಾಗ ಯಾವ ಭಾಷೆ ಎಂದು ಬಿಡಿಬಿಡಿಯಾಗಿ ಕೇಳಿ, ಕಿರು ಕೋಷ್ಟಕದಲ್ಲಿ ಗುರುತಿಸಬೇಕು. ಹೀಗೆ ಮಾಡಿದಾಗ ತುಳು ಮಗು, ಮಲಯಾಳಂ ಮಗು ಎಂಬ ಸರಳ ವಿಂಗಡಣೆ ಅನೇಕ ಕಡೆ ಒಡೆದುಹೋಗುತ್ತದೆ. ಅದರಿಂದ ವಿಶ್ಲೇಷಣೆ ಕಷ್ಟವಾಗುತ್ತದೆ, ಪ್ರಬಂಧ ಮಾತ್ರ ಗಟ್ಟಿಯಾಗುತ್ತದೆ.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕದಂತಹ, ಇಲ್ಲಿನ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುವ ವಿಷಯಗಳನ್ನು ಆಯ್ದುಕೊಳ್ಳುವುದಾದರೆ ನಿಲುವನ್ನು ಪಕ್ಕಕ್ಕಿಟ್ಟು ಕೇಳಬೇಕು. ಅನ್ಯಾಯವಾಗಿದೆ ಎಂದು ಸಾಧಿಸಲು ಹೊರಟರೆ ಅದು ಮನವಿಪತ್ರವಾಗುತ್ತದೆ. ಅಂಥ ತರಗತಿಯಲ್ಲಿ ಒಂದು ಅವಧಿಯ ಪಾಠ ಹೇಗೆ ಸಾಗುತ್ತದೆ, ಅಧ್ಯಾಪಕರು ಯಾವಾಗ ಯಾವ ಭಾಷೆಗೆ ಹೊರಳುತ್ತಾರೆ, ಮಕ್ಕಳಲ್ಲಿ ಯಾರು ಉಳಿದವರಿಗೆ ಹೇಳಿಕೊಡುವ ಕೆಲಸ ಮಾಡುತ್ತಾರೆ ಎಂಬುದನ್ನು ವೀಕ್ಷಿಸಿ ಬರೆದರೆ, ಯಾವ ನಿಲುವಿನವರೂ ತಳ್ಳಿಹಾಕಲಾರದ ದಾಖಲೆ ಅದಾಗುತ್ತದೆ.

ಪೂರ್ವ ಅಧ್ಯಯನಗಳಿಗಾಗಿ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಎರಿಕ್ ಎಂಬ ದತ್ತಸಂಚಯದಲ್ಲಿ ಶಿಕ್ಷಣದ ಲೇಖನಗಳನ್ನು ಹುಡುಕಬಹುದು. ಶಾಲೆಗಳ ಬಗ್ಗೆ ತಿಳಿಯಲು ಮಾಯಿಪ್ಪಾಡಿಯ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ, ಒಮ್ಮೆ ಹೋಗಿಬರಬೇಕು. ಅಲ್ಲಿನ ಬೋಧಕರು ಉಪಜಿಲ್ಲೆಗಳ ಶಾಲೆಗಳಲ್ಲಿ ತರಬೇತಿ ನಡೆಸುವವರಾದ್ದರಿಂದ, ನಿಮ್ಮ ಪ್ರಶ್ನೆಗೆ ಯಾವ ಶಾಲೆ ಹೊಂದುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಅನುಮತಿ ಮತ್ತು ಶಾಲಾ ಪಂಚಾಂಗ

ಕ್ಷೇತ್ರಕಾರ್ಯ ನಿಲ್ಲುವುದು ಬಹುತೇಕ ಕಾಗದಪತ್ರಗಳಲ್ಲಿ. ಮಾರ್ಗದರ್ಶಕರ ಸಹಿಯುಳ್ಳ ಪತ್ರ, ಅಧ್ಯಯನದ ಒಂದು ಪುಟದ ಸಾರಾಂಶ, ಬಳಸುವ ಪ್ರಶ್ನಾವಳಿಯ ಪ್ರತಿ, ಇವು ಮೂರನ್ನು ಜೋಡಿಸಿ ಮೊದಲು ಜಿಲ್ಲಾ ಶಿಕ್ಷಣ ಉಪನಿರ್ದೇಶಕರ ಕಚೇರಿಗೆ, ಅಲ್ಲಿಂದ ಆಯಾ ಉಪಜಿಲ್ಲೆಯ ಸಹಾಯಕ ಶಿಕ್ಷಣಾಧಿಕಾರಿಯ (ಎಇಓ) ಕಚೇರಿಗೆ, ಕೊನೆಗೆ ಮುಖ್ಯೋಪಾಧ್ಯಾಯರಿಗೆ ಕೊಡಬೇಕು. ಅನುದಾನಿತ ಶಾಲೆಯಾದರೆ ಮೆನೇಜರರಿಗೂ ತಿಳಿಸುವುದು ಒಳ್ಳೆಯದು. ಕೇಳದೆ ಬಂದರೆಂಬ ಅಸಮಾಧಾನ ಉಳಿಯಬಾರದು. ಸಾರಾಂಶವನ್ನು ಕನ್ನಡ, ಮಲಯಾಳಂ ಎರಡರಲ್ಲಿಯೂ ಇಟ್ಟುಕೊಂಡರೆ ಕಡತ ಬೇಗ ಸಾಗುತ್ತದೆ. ಹೆತ್ತವರ ಒಪ್ಪಿಗೆ ಪತ್ರವನ್ನು ಮಕ್ಕಳ ಕೈಯಲ್ಲಿ ಕಳುಹಿಸಿದರೆ ಅರ್ಧದಷ್ಟೂ ಮರಳುವುದಿಲ್ಲ. ತರಗತಿ ಪಿಟಿಎ ಸಭೆ ನಡೆಯುವ ದಿನ ಹೋಗಿ, ಐದು ನಿಮಿಷ ಮಾತಾಡಿ, ಅಲ್ಲಿಯೇ ಸಹಿ ಪಡೆಯುವುದು ಮೇಲು. ಮಗುವಿಗೂ ಬೇಡವೆನ್ನುವ ಹಕ್ಕಿದೆಯೆಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಬೇಕು.

ಕೇರಳದ ಶಾಲಾ ವರ್ಷ ಜೂನ್‌ನಲ್ಲಿ ಆರಂಭವಾಗುತ್ತದೆ. ಜೂನ್, ಜುಲೈಯಲ್ಲಿ ಮಳೆಯ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಹಿಂದಿನ ದಿನ ಸಂಜೆ ರಜೆ ಸಾರುತ್ತಾರೆ, ನಿಮ್ಮ ವೇಳಾಪಟ್ಟಿ ಅಲ್ಲಿಗೇ ಕೆಡುತ್ತದೆ. ಆಮೇಲೆ ಓಣಂ ಪರೀಕ್ಷೆ ಮತ್ತು ರಜೆ, ವಿಜ್ಞಾನ ಮೇಳ, ಕಲೋತ್ಸವ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಪರೀಕ್ಷೆ, ಫೆಬ್ರವರಿಯಿಂದ ವಾರ್ಷಿಕ ಪರೀಕ್ಷೆಯ ಬಿಸಿ. ಹಾಗಾಗಿ ನಂಬಬಹುದಾದ ಕಾಲವೆಂದರೆ ಓಣಂ ರಜೆ ಮುಗಿದಂದಿನಿಂದ ನವೆಂಬರ್ ಮಧ್ಯದವರೆಗೆ, ಮತ್ತೆ ಜನವರಿಯ ಕೆಲವು ವಾರಗಳು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಈಚೆಗೂ ಆಚೆಗೂ ಇರುವ ಶಾಲೆಗಳನ್ನು ಹೋಲಿಸುವ ಅಧ್ಯಯನವಾದರೆ ಇನ್ನೊಂದು ತೊಡಕಿದೆ: ಇಲ್ಲಿ ಕೆಲಸಕ್ಕೆ ಒದಗುವ ಅಕ್ಟೋಬರಿನಲ್ಲಿ ಅಲ್ಲಿ ದಸರಾ ರಜೆ. ಎರಡೂ ರಾಜ್ಯಗಳ ಪಂಚಾಂಗಗಳನ್ನು ಒಂದೇ ಹಾಳೆಯಲ್ಲಿ ಬರೆದು, ಎರಡೂ ಕಡೆ ಶಾಲೆ ನಡೆಯುವ ವಾರಗಳಿಗೆ ಗುರುತು ಹಾಕಿದ ಮೇಲೆಯೇ ಸಂಶೋಧನಾ ಪ್ರಸ್ತಾವದ ಸಾರಲೇಖದಲ್ಲಿ ಕಾಲಾವಧಿ ಬರೆಯಬೇಕು.

ಮುಖ್ಯ ಅಧ್ಯಯನಕ್ಕೆ ಮೊದಲು, ಮಾದರಿಗೆ ಸೇರದ ಶಾಲೆಯೊಂದರಲ್ಲಿ ಪ್ರಶ್ನಾವಳಿಯನ್ನು ಪ್ರಯೋಗಿಸಿ ನೋಡಬೇಕು. ಇಂಗ್ಲಿಷಿನ ಮಾಪನಿಯನ್ನು ಕನ್ನಡಕ್ಕೆ ತಂದಿದ್ದರೆ, ಮೂಲವನ್ನು ನೋಡಿರದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು, ಮಾಪನಿಯ ಕರ್ತೃವಿನ ಅನುಮತಿಯನ್ನೂ ಪಡೆಯಬೇಕು. ಅಂಕಿಅಂಶದ ಕೆಲಸಕ್ಕೆ ಜಮೋವಿ, ಜಾಸ್ಪ್ ಎಂಬ ಉಚಿತ ತಂತ್ರಾಂಶಗಳು ಸಾಕು. ಹಣ ಕೊಟ್ಟು ಕೊಳ್ಳಬೇಕಾದ ಎಸ್‌ಪಿಎಸ್‌ಎಸ್‌ನ ಕಳ್ಳಪ್ರತಿಗೆ ಕೈಹಾಕುವ ಅಗತ್ಯವಿಲ್ಲ. ಉಲ್ಲೇಖಗಳನ್ನು ಮೊದಲ ದಿನದಿಂದಲೇ ಝೋಟೆರೋ ಎಂಬ ಉಲ್ಲೇಖ ನಿರ್ವಹಣಾ ತಂತ್ರಾಂಶದಲ್ಲಿ ಸೇರಿಸುತ್ತ ಬಂದರೆ ಕೊನೆಯ ತಿಂಗಳು ಉಸಿರಾಡಬಹುದು.

ಪಿಎಚ್.ಡಿ.

ಈಗ ಪಿಎಚ್.ಡಿ. ಪ್ರವೇಶಕ್ಕೆ ನೆಟ್ ಅಂಕವೇ ಮುಖ್ಯ ಬಾಗಿಲು. ವರ್ಷಕ್ಕೆ ಎರಡು ಸಲ ನಡೆಯುವ ಈ ಪರೀಕ್ಷೆಯಲ್ಲಿ ಮೊದಲ ಪತ್ರಿಕೆಗೆ 50, ಎರಡನೆಯದಕ್ಕೆ 100 ಪ್ರಶ್ನೆಗಳು, ಒಟ್ಟು 300 ಅಂಕ, ಅವಧಿ ಮೂರು ಗಂಟೆ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. 2024ರಿಂದ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಕೊಡುತ್ತಾರೆ: ಜೆಆರ್‌ಎಫ್ (ಸಂಶೋಧನಾ ವೇತನ) ಸಹಿತ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಸಹಿತ, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಕೊನೆಯ ಎರಡು ವರ್ಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿದ್ದು, ಪ್ರವೇಶದ ಮಟ್ಟಿಗೆ ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಶಿಕ್ಷಣಶಾಸ್ತ್ರದ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುವುದರಿಂದ ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಜೊತೆಜೊತೆಯಾಗಿ ಬರೆದಿಟ್ಟುಕೊಂಡು ಓದಬೇಕು. ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಬರುತ್ತದೆ.

ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ ಹೆಚ್ಚು ಸಿಗಬಹುದು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಇನ್ನೂ ಎರಡು ವರ್ಷದ ಸಡಿಲಿಕೆ ಇದೆ. ಶಾಲೆಯಲ್ಲಿ ಕೆಲಸದಲ್ಲಿರುವವರು ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕವಾಗಿ ಸೇರಬಹುದು. ಆದರೆ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಪಿಎಚ್.ಡಿ. ಕೊಡಿಸುತ್ತೇವೆಂಬ ಜಾಹೀರಾತಿಗೆ ಮರುಳಾಗಬಾರದು, ನಿಯಮ ಅದಕ್ಕೆ ಎಡೆಗೊಟ್ಟಿಲ್ಲ. ಮಾರ್ಗದರ್ಶಕರ ಬಳಿ ಸ್ಥಾನಗಳು ಸೀಮಿತ: ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಹೆಸರು ಕೇಳಿ ಹೋಗುವ ಮೊದಲು ಅವರ ಬಳಿ ಸ್ಥಾನ ಖಾಲಿ ಇದೆಯೇ ಎಂದು ವಿಭಾಗದಲ್ಲಿ ವಿಚಾರಿಸಿ, ಅವರ ಒಂದೆರಡು ಲೇಖನಗಳನ್ನಾದರೂ ಓದಿ, ಎರಡು ಪುಟದ ಟಿಪ್ಪಣಿಯೊಂದಿಗೆ ಭೇಟಿಯಾಗಬೇಕು. ಮಾರ್ಗದರ್ಶಕರಿಗೆ ಕನ್ನಡ ಬಾರದಿರುವುದು ದೊಡ್ಡ ಅಡ್ಡಿಯಲ್ಲ. ತರಗತಿಯ ಮಾತುಕತೆಯನ್ನು ಕನ್ನಡದಲ್ಲಿ ದಾಖಲಿಸಿ ಇಂಗ್ಲಿಷ್ ಅನುವಾದದೊಂದಿಗೆ ತೋರಿಸುವ ಅಭ್ಯಾಸವನ್ನು ಮೊದಲೇ ಮಾಡಿಕೊಂಡರಾಯಿತು. ಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ಹಟವಿರುವವರು ಪಠ್ಯಪುಸ್ತಕದ ಭಾಷೆ, ಕನ್ನಡ ಬೋಧನೆ ಮುಂತಾದ ವಿಷಯಗಳನ್ನು ಆಯ್ದು ಕನ್ನಡ ವಿಭಾಗಗಳನ್ನೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೋ ವಿಚಾರಿಸುವುದು ಸೂಕ್ತ.

ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರ ನಿಯಮಾವಳಿ ಕೈಬಿಟ್ಟಿದೆ. ಹಾಗಾಗಿ ಹಣ ಪಡೆದು ವಾರದೊಳಗೆ ಅಚ್ಚುಹಾಕುವ ನಿಯತಕಾಲಿಕೆಗಳ ಗೊಡವೆ ಬೇಡ. ಕೃತಿಚೌರ್ಯದ ನಿಯಮ ಮಾತ್ರ ಬಿಗಿಯಾಗಿದೆ: ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 40ರವರೆಗೆ ತಿದ್ದಿ ಆರು ತಿಂಗಳೊಳಗೆ ಮರುಸಲ್ಲಿಕೆ, ಶೇ. 60ರವರೆಗೆ ಒಂದು ವರ್ಷ ತಡೆ, ಅದಕ್ಕಿಂತ ಮೇಲಾದರೆ ನೋಂದಣಿಯೇ ರದ್ದು. ಕನ್ನಡದ ಪುಸ್ತಕದಿಂದ ಇಂಗ್ಲಿಷಿಗೆ ಅನುವಾದಿಸಿ ಮೂಲವನ್ನು ಹೇಳದೆ ಬಿಟ್ಟರೆ ತಂತ್ರಾಂಶ ಹಿಡಿಯದಿರಬಹುದು, ಕನ್ನಡ ಬಲ್ಲ ಪರೀಕ್ಷಕರು ಹಿಡಿಯುತ್ತಾರೆ.

ಸಲ್ಲಿಕೆಯ ಬಳಿಕ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧವನ್ನು ಓದುತ್ತಾರೆ, ಮೌಖಿಕ ಪರೀಕ್ಷೆ ನಡೆಯುತ್ತದೆ, ವಿದ್ಯುನ್ಮಾನ ಪ್ರತಿ ಶೋಧಗಂಗಾಕ್ಕೆ ಹೋಗುತ್ತದೆ. ಆ ಪ್ರತಿಯ ಅನುಬಂಧದಲ್ಲಿ ಕನ್ನಡದ ಪ್ರಶ್ನಾವಳಿ, ಲೆಕ್ಕಗಳು, ಮಕ್ಕಳ ಉತ್ತರಗಳ ಮಾದರಿಗಳನ್ನು ಕನ್ನಡದಲ್ಲಿಯೇ, ಹೆಸರು ಮತ್ತು ಶಾಲೆಯ ಗುರುತು ಅಳಿಸಿ, ಸೇರಿಸಬೇಕು. ಅವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸದೆ ಯುನಿಕೋಡಿನಲ್ಲಿಯೇ ಟೈಪಿಸಬೇಕು. ಇಲ್ಲವಾದರೆ ಹುಡುಕಿದವರಿಗೆ ಆ ಪುಟಗಳು ಸಿಗುವುದಿಲ್ಲ, ಅದೇ ತರಗತಿಗೆ ಮತ್ತೆ ಹೋಗುವ ಮುಂದಿನ ಸಂಶೋಧಕರು ಪ್ರಶ್ನೆಗಳನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.